ತಾನಾಗಿಯೇ ಕೂಗುವ ಬೆಲ್ಲು

ಬೇಸಿಗೆ ಬಂತೆಂದರೆ ಇಟ್ಟಮಡುವಿನ ಜನ ಲೋ ವೋಲ್ಟೇಜ್ ತೊಲಗಿಸಿ ಎಂದು ಅರ್ಜಿ ಹಿಡಿದು ವಿದ್ಯುತ್ ಕಚೇರಿಗೆ ಓಡುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ತಮ್ಮ ಮನೆಗೆ ಲೋ ವೋಲ್ಟೇಜ್ ಬೇಕೇ ಬೇಕೆಂದು ಹಟ ಹಿಡಿದ ಮಹಾನುಭಾವರು ಇಡೀ ಬಡಾವಣೆಗೆ ಏಕಾಂತಯ್ಯನವರೊಬ್ಬರೇ.

ಎರಡು ಸಾವಿರದ ಮೂರನೇ ಇಸವಿ. ಪದ್ಮನಾಭನಗರದ ಬಾಡಿಗೆ ಮನೆಯಲ್ಲಿದ್ದುಕೊಂಡು ಅವರು ಇಟ್ಟಮಡುವಿನಲ್ಲಿ ಸ್ವಂತದ್ದೊಂದು ಮನೆ ಕಟ್ಟಿಸುತ್ತಿದ್ದರು. ಗೋಡೆ ಕಿಟಕಿಯ ಮಟ್ಟ ದಾಟಿದಾಗ, ನಲ್ಲಿ ಚಿಲಕ ನೋಡಿ ಬರುತ್ತೇನೆಂದು ಅರಮನೆ ಮೈದಾನದ ವಸ್ತುಪ್ರದರ್ಶನಕ್ಕೆ ಹೋದರು. ನಲ್ಲಿ ನೋಡಲಿಲ್ಲ, ಹೋಮ್ ಆಟೋಮೇಷನ್ ನೋಡಿ ಬಂದರು. ಅಲ್ಲಿ ಟೈ ಕಟ್ಟಿದ ಒಬ್ಬಾತ ಒಂದು ಗುಂಡಿ ಒತ್ತಿದರೆ ಪರದೆ ಸರಿಯುತ್ತಿತ್ತಂತೆ, ಇನ್ನೊಂದು ಒತ್ತಿದರೆ ಗೇಟು ತೆರೆಯುತ್ತಿತ್ತಂತೆ. "ಎಲ್ಲಾ ಸಣ್ಣ ವೈರು ಸಾರ್, ಬರೀ ಹನ್ನೆರಡು ವೋಲ್ಟು. ಮುಟ್ಟಿದ್ರೂ ಶಾಕ್ ಹೊಡಿಯಲ್ಲ. ಆದ್ರೆ ಪ್ಲಾಸ್ಟರಿಂಗ್ ಆಗೋ ಮುಂಚೆನೇ ಪ್ಲಾನ್ ಮಾಡ್ಕೋಬೇಕು" ಎಂದು ಆತ ಹೇಳಿದ. ಏಕಾಂತಯ್ಯನವರು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಪ್ಲಾನ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಅವರನ್ನು ತಡೆಯುವವರು ಯಾರು?

ಮರುದಿನವೇ ಎರಡು ಬಣ್ಣದ ಸೀಮೆಸುಣ್ಣ ಹಿಡಿದು ಇಟ್ಟಿಗೆ ಗೋಡೆಯ ಮೇಲೆಲ್ಲ ಗೆರೆ ಎಳೆದರು. ಕೆಂಪು ಗೆರೆ ದೊಡ್ಡ ಕರೆಂಟಿಗೆ, ನೀಲಿ ಗೆರೆ ಸಣ್ಣ ಕರೆಂಟಿಗೆ. ನೀಲಿ ಗೆರೆ ಗೇಟಿಗೆ ಹೋಯಿತು, ಪರದೆಗೆ ಹೋಯಿತು, ಬಚ್ಚಲ ದೀಪಕ್ಕೆ ಹೋಯಿತು, ಇನ್ನೂ ಕೊಳ್ಳದ ಟೀವಿಗೂ ಹೋಯಿತು. ಅವರ ಹೆಂಡತಿ ಜಯದೇವಿ ಅಡುಗೆಮನೆಯಲ್ಲಿ ನಿಂತು ಸುತ್ತ ನೋಡಿದಳು.

"ರೀ, ಡಬ್ಬ ಇಡೋಕೆ ಒಂದು ಗೂಡು ಎಲ್ಲಿ ಬರುತ್ತೆ?"

"ಅದು ಮೇಸ್ತ್ರಿ ಕೆಲಸ. ನಾನು ನೋಡ್ತಿರೋದು ಬರೀ ಲೋ ವೋಲ್ಟೇಜು."

ಇದು ಪಕ್ಕದ ಮನೆಯ ಸೇತುರಾಮರ ಕಿವಿಗೆ ಬಿತ್ತು. ಜಯನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರು ಕಾಂಪೌಂಡಿನ ಮೇಲಿಂದ ಇಣುಕಿದರು. "ಏನ್ ಸಾರ್ ಇದು? ಬೀದಿಯೋರೆಲ್ಲ ಲೋ ವೋಲ್ಟೇಜು ಹಾಳಾಗ್ ಹೋಗ್ಲಿ ಅಂತ ಸಹಿ ಹಾಕ್ತಿದೀವಿ, ನೀವು ನೋಡಿದ್ರೆ ಪೈಪ್ ಹಾಕಿ ಮನೆ ಒಳಕ್ಕೇ ಕರ್ಕೊಳ್ತಿದೀರಿ! ನಿಮ್ಮಿಂದ ನಮ್ಮನೆ ಬಲ್ಬೂ ಮಂಕಾದ್ರೆ?"

"ಇದು ಬೇರೆ ಲೋ ವೋಲ್ಟೇಜು ಸಾರ್."

"ಅದ್ರಲ್ಲೂ ಬೇರೆ ಬೇರೆ ಇದ್ಯಾ?" ಎಂದು ಸೇತುರಾಮರು ತಮ್ಮ ಬಲ್ಬಿನ ಭವಿಷ್ಯ ಚಿಂತಿಸುತ್ತ ಒಳಗೆ ಹೋದರು.

ಆ ನೀಲಿ ಗೆರೆಗಳಲ್ಲಿ ಒಂದು ಮಾತ್ರ ಷೋಕಿಯದ್ದಲ್ಲ. ಏಕಾಂತಯ್ಯನವರ ತಾಯಿ ಶಿವವ್ವ ಗದಗದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗನ ಹತ್ತಿರ ಬಂದವರು ಬಾಡಿಗೆ ಮನೆಯ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಹಿಂದೆ ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳುತ್ತಿದ್ದ ಅವರ ದನಿ ಈಗ ಕೋಣೆಯ ಹೊಸಿಲು ದಾಟುತ್ತಿರಲಿಲ್ಲ. "ನಮ್ಮವ್ವ ಕೂಗಬಾರದು ಜಯಾ. ಬೆರಳು ಆಡಿಸಿದ್ರೆ ಸಾಕು, ಮನೇಲಿ ಯಾವ ಮೂಲೇಲಿದ್ರೂ ನಾನು ಓಡಿ ಬರ್ಬೇಕು" ಎಂದು ಏಕಾಂತಯ್ಯನವರು ಆ ಗೆರೆ ಎಳೆಯುವಾಗ ಹೇಳಿದರು. ಹೇಳುವಾಗ ಕಣ್ಣಲ್ಲಿ ನೀರಾಡಿತು. ಅದನ್ನು ಕಂಡ ಜಯದೇವಿ ಗೂಡಿನ ಮಾತು ಮತ್ತೆ ಎತ್ತಲಿಲ್ಲ.

ಆದರೆ ಆ ಗೆರೆಯೇ ಎಡವಟ್ಟಿಗೆ ಕಾರಣವಾಯಿತು. ಅದು ಹೋಗಬೇಕಾಗಿದ್ದು ಶಿವವ್ವ ದಿನಾ ಇಷ್ಟಲಿಂಗ ಪೂಜೆಗೆ ಕೂರಬೇಕೆಂದುಕೊಂಡಿದ್ದ ಮೂಲೆಯ ಗೋಡೆಯಲ್ಲಿ. ಕುರ್ಚಿಯಲ್ಲಿ ಹೊತ್ತು ತಂದು ಮನೆ ತೋರಿಸಿದಾಗ ಅವರು ಆ ಗೆರೆ ಕಂಡು ಕೈ ಅಡ್ಡ ಮಾಡಿದರು. "ನನ್ನ ಪೂಜಿ ಗ್ವಾಡಿಗೆ ಉಳಿ ಹಚ್ಚಬ್ಯಾಡೋ ಯಪ್ಪಾ. ಲಿಂಗಾ ಹಿಡಕೊಂಡು ಕಣ್ಣು ಮುಚ್ಚಿ ಕುಂತಾಗ ಬೆನ್ನ ಹಿಂದ ಕರೆಂಟ್ ಹರದ್ರ ನನಗ ಶಿವಾ ಹೆಂಗ ನೆನಪಾದಾನು?"

ಅವ್ವನ ಮಾತು ಮೀರುವುದುಂಟೆ? ಉಳಿದದ್ದು ಒಂದೇ ದಾರಿ, ನೀರಿನ ಮೋಟಾರಿನ ವೈರು ಹೋಗುವ ಪೈಪು. ವೈರಿಂಗ್ ಯಲ್ಲಯ್ಯ ತಲೆ ಕೆರೆದುಕೊಂಡ. "ದೊಡ್ಡ ಲೈನ್ ಪಕ್ಕದಲ್ಲೇ ಸಣ್ಣ ಲೈನ್ ಎಳೆದ್ರೆ ಇಂಡಕ್ಷನ್ ಆಗುತ್ತೆ ಸಾರ್. ಮೋಟಾರ್ ಹಾಕಿದಾಗ ಬೆಲ್ಲು ತಾನಾಗೇ ಹೊಡ್ಕೊಂಡ್ರೂ ಹೊಡ್ಕೋಬಹುದು. ಗ್ಯಾರಂಟಿ ಏನಿಲ್ಲ" ಎಂದ. ಹೊಡ್ಕೋಬಹುದು ಎಂದಿದ್ದನೇ ಹೊರತು ಹೊಡ್ಕೊಳ್ಳುತ್ತದೆ ಎಂದಿರಲಿಲ್ಲ. ಏಕಾಂತಯ್ಯನವರಿಗೆ ಮಾತ್ರ ಇಂಡಕ್ಷನ್ ಎಂಬ ಹೊಸ ಶಬ್ದ ಸಿಕ್ಕಿತು, ಸಿಕ್ಕಿದ್ದನ್ನು ಅವರು ಬಿಡುವ ಜಾತಿಯಲ್ಲ.

ಮಿಕ್ಕ ನೀಲಿ ಗೆರೆಗಳ ಕತೆ ಹೇಳಿ ಸುಖವಿಲ್ಲ. ಕೆಲವು ಪೈಪಿನೊಳಗೆ ಸಿಮೆಂಟು ಹೊಕ್ಕು ಗಟ್ಟಿಯಾಯಿತು, ಕೆಲವನ್ನು ಗಾರೆಯವರು ಪ್ಲಾಸ್ಟರಿನಡಿ ಮುಚ್ಚಿಹಾಕಿದರು. ಗೃಹಪ್ರವೇಶದ ಹೊತ್ತಿಗೆ ಇಡೀ ಹೋಮ್ ಆಟೋಮೇಷನ್ನಿನಲ್ಲಿ ಜೀವಂತ ಉಳಿದದ್ದು ಶಿವವ್ವನ ಬೆಲ್ಲೊಂದೇ. ದಿಂಬಿನ ಪಕ್ಕ ಪುಟ್ಟ ಸ್ವಿಚ್ಚು. ಒತ್ತಿದರೆ ನಡುಮನೆ, ಅಡುಗೆಮನೆ, ಮಹಡಿ ಮೂರೂ ಕಡೆ ಒಟ್ಟಿಗೆ ಗುಬ್ಬಿಗಳು ಚಿಲಿಪಿಲಿ ಎನ್ನುತ್ತಿದ್ದವು.

ಹೊಸ ಮನೆಗೆ ಬಂದ ಮೇಲೆ ಒಂದು ಸಂಜೆ ಏಕಾಂತಯ್ಯನವರು ನಡುಮನೆಯಲ್ಲಿ ತಾನಾಗಿ ಸರಿಯುವ ಪರದೆಯ ಪ್ಲಾನು ಹರಡಿಕೊಂಡು ಕೂತಿದ್ದರು. ಗುಬ್ಬಿ ಕೂಗಿತು. ಓಡಿದರು. ಅವರು ಹೊಸಿಲಲ್ಲಿ ಕಾಲಿಟ್ಟ ಗಳಿಗೆಗೇ ಸೇತುರಾಮರ ಮನೆಯ ಮೋಟಾರು ಗುರ್ರ್ ಎಂದು ಶುರುವಾಯಿತು. ಅವ್ವನ ಕಡೆ ತಿರುಗಬೇಕಾಗಿದ್ದ ಮುಖ ಚಾವಣಿಯ ಕಡೆ ತಿರುಗಿತು.

"ಇಂಡಕ್ಷನ್!" ಎಂದು ಅವರು ಬೆರಳೆತ್ತಿ ಘೋಷಿಸಿದರು. "ನೀ ಏನೂ ಹೆದರಬ್ಯಾಡವ್ವ. ನೀ ಒತ್ತಿಲ್ಲ."

ಏನೋ ಹೇಳಲು ಬಾಯಿ ತೆರೆದಿದ್ದ ಶಿವವ್ವ ಹಾಗೆಯೇ ಮುಚ್ಚಿದರು. ಮಗ ಕುರ್ಚಿ ಎಳೆದು ಹತ್ತಿ, ಟೆಸ್ಟರ್ ಹಿಡಿದು, ವೈರಿನ ಜಾತಕವನ್ನೆಲ್ಲ ಹೇಳುತ್ತ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಶಿವವ್ವನಿಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ಕತೆ ಕೇಳುವವರ ಹಾಗೆ ಹೂಂ ಹೂಂ ಅನ್ನುತ್ತಿದ್ದರು. ಗೃಹಪ್ರವೇಶವಾದ ಮೇಲೆ ಮಗ ಅಷ್ಟು ಹೊತ್ತು ಆ ಕೋಣೆಯಲ್ಲಿದ್ದದ್ದು ಅದೇ ಮೊದಲು.

ಆಮೇಲೆ ಗುಬ್ಬಿ ದಿನಾ ಕೂಗತೊಡಗಿತು, ಅದೂ ಏಕಾಂತಯ್ಯನವರು ಕಚೇರಿಯಿಂದ ಬಂದು ಕಾಲು ತೊಳೆದ ಮೇಲೆಯೇ. ಅವರು ಪ್ರತಿ ಸಲ ಓಡಿ ಬಂದು ಚಾವಣಿ ನೋಡುವುದು, ಕುರ್ಚಿ ಹತ್ತುವುದು, ಇಳಿದು ಹೋಗುವುದು. ಒಂದು ಸಂಜೆ ಹಾಲಿನ ಲೋಟ ಹಿಡಿದು ಬಾಗಿಲಿಗೆ ಬಂದ ಜಯದೇವಿ ಅತ್ತೆಯ ಹೆಬ್ಬೆರಳು ಸ್ವಿಚ್ಚಿನ ಮೇಲಿದ್ದದ್ದನ್ನು ಕಂಡಳು. ಅತ್ತೆ ಕದ್ದು ಸಿಕ್ಕಿಬಿದ್ದವರ ಹಾಗೆ ಕೈಯನ್ನು ಕೌದಿಯೊಳಗೆ ಎಳೆದುಕೊಂಡರು.

"ಅತ್ತೆ! ನೀವೇ ಒತ್ತೋದಾ?"

"ಮೆಲ್ಲಕ ಮಾತಾಡವ್ವ."

"ಹೇಳ್ಬಾರ್ದಾ ಅವರಿಗೆ? ವೈರು ಕೆಟ್ಟಿದೆ ಅಂತ ಪಾಪ ಒದ್ದಾಡ್ತಿದಾರೆ."

"ನಾನಽ ಒತ್ತೇನಿ ಅಂದ್ರ ಯಾಕ ಕರದಿ ಅಂತ ಕೇಳ್ತಾನ. ಏನಂತ ಹೇಳ್ಲಿ? ನೀರು ಬ್ಯಾಡ, ಔಷಧ ಬ್ಯಾಡ. ಸುಮ್ನ ಕರದೆ, ನಿನ್ನ ಮಾರಿ ನೋಡಾಕ ಕರದೆ ಅಂತ ಈ ವಯಸ್ಸಿನ್ಯಾಗ ಹೆಂಗ ಹೇಳ್ಲಿ? ನಾಚಿಕಿ ಆಗ್ತೈತಿ." ಅತ್ತೆ ಅವಳ ಕೈ ಹಿಡಿದುಕೊಂಡರು. "ಕೆಟ್ಟೈತಿ ಅಂತಾದ್ರೂ ಬರ್ತಾನಲ್ಲ, ಬರ್ಲಿ. ನೀ ಹೇಳಬ್ಯಾಡ. ನನ್ನ ಆಣಿ ಐತಿ."

ಜಯದೇವಿ ಆಣೆಗೆ ಕಟ್ಟುಬಿದ್ದಳು. ಒಂದು ಬೆಲ್ಲಿನ ವಿಷಯ, ಎಲ್ಲಿಗೆ ಮಹಾ ಹೋದೀತು ಎಂದುಕೊಂಡಳು. ಗಂಡನನ್ನು ಅಷ್ಟು ವರ್ಷ ಕಂಡವಳು ಹಾಗಂದುಕೊಳ್ಳಬಾರದಿತ್ತು.

ಏಕಾಂತಯ್ಯನವರು ಮೊದಲು ತಮ್ಮ ಮೋಟಾರು ನಿಲ್ಲಿಸಿದರು. ಗುಬ್ಬಿ ಕೂಗಿತು. ಹಾಗಾದರೆ ದೋಷ ಸೇತುರಾಮರ ಮೋಟಾರಿನದೇ ಎಂದು ತೀರ್ಮಾನಿಸಿ ಕಾಂಪೌಂಡಿಗೆ ಹೋದರು.

"ಸಾರ್, ನಿಮ್ಮ ಮೋಟಾರು ನಮ್ಮವ್ವನ ವೈರಿಗೆ ಕಚಗುಳಿ ಇಡ್ತಾ ಇದೆ."

"ನಮ್ಮ ಮೋಟಾರು ಅಂಥದ್ದಲ್ಲ ಸಾರ್. ಇಪ್ಪತ್ತು ವರ್ಷದಿಂದ ಮರ್ಯಾದೆಯಾಗಿದೆ."

"ಮರ್ಯಾದೆ ಪ್ರಶ್ನೆ ಅಲ್ಲ, ಇಂಡಕ್ಷನ್ ಪ್ರಶ್ನೆ. ಸಂಜೆ ಹೊತ್ತು ಹಾಕ್ಬೇಡಿ."

"ಸಂಜೆ ತಾನೇ ನೀರು ಬರೋದು? ನಾವೇನ್ ನಿಮ್ಮ ಗುಬ್ಬಿ ಕೂಗುತ್ತೆ ಅಂತ ಸ್ನಾನ ಬಿಡ್ಬೇಕಾ?"

ಮಾತಿಗೆ ಮಾತು ಬೆಳೆದು ಎರಡು ಮನೆಗೂ ಮಾತು ನಿಂತಿತು. ಸೇತುರಾಮರು ಸಂಸಾರ ಸಮೇತ ಯುಗಾದಿಗೆ ಊರಿಗೆ ಹೋದರು. ಗುಬ್ಬಿ ಆಗಲೂ ಕೂಗಿತು. ಅನುಮಾನ ಎದುರುಮನೆಯವರ ಗ್ರೈಂಡರಿನ ಮೇಲೆ ಹೋಯಿತು. ಅಲ್ಲಿಂದ ಮೂಲೆಮನೆಯ ಫ್ರಿಜ್ಜಿಗೆ, ಆಮೇಲೆ ಕೇಬಲ್ ಟೀವಿಯವನಿಗೆ ದಾಟಿತು. ಗಿರಿನಗರದಿಂದ ನೋಡಲು ಬಂದ ಸೋದರಮಾವ ಬಸಪ್ಪನವರು ಬಾಗಿಲು ಕೂರಿಸಿದ ದಿಕ್ಕೇ ಸರಿಯಿಲ್ಲವೆಂದು ಹೇಳಿ, ಎರಡು ಸಲ ಒಬ್ಬಟ್ಟು ಹಾಕಿಸಿಕೊಂಡು ಉಂಡು ಹೋದರು.

ಕೊನೆಗೆ ವಿದ್ಯುತ್ ಕಚೇರಿಯಿಂದ ಗುರುಬಸಪ್ಪ ಎಂಬ ಇಂಜಿನಿಯರು ಬಂದರು. ಏಕಾಂತಯ್ಯನವರು ಅಷ್ಟು ಸಲ ಅವರ ಮೇಜಿನ ಮುಂದೆ ಕೂತಿದ್ದರಿಂದ ಬೇರೆ ದಾರಿಯಿರಲಿಲ್ಲ.

"ನಿಮ್ಮ ಕಂಪ್ಲೇಂಟು ಏನ್ ಸಾರ್, ಲೋ ವೋಲ್ಟೇಜಾ ಹೈ ವೋಲ್ಟೇಜಾ?"

"ಲೋ ವೋಲ್ಟೇಜು ತುಂಬಾ ಒಳ್ಳೇದು ಸಾರ್. ಹೈ ವೋಲ್ಟೇಜು ಅದನ್ನ ಕೆಣಕ್ತಾ ಇದೆ."

ಗುರುಬಸಪ್ಪನವರು ಈ ಮಾತನ್ನು ಅರಗಿಸಿಕೊಳ್ಳಲು ಶಿವವ್ವನ ಮಂಚದ ಪಕ್ಕ ಕೂತು ಕಾಫಿ ಕುಡಿದರು. ಪರಿಚಯವಿಲ್ಲದ ಗಂಡಸು ಕೂತಿದ್ದರಿಂದ ಶಿವವ್ವ ಸೆರಗು ಹೊದ್ದು, ಕೈ ಮುದುಡಿಕೊಂಡು ಮಲಗಿದ್ದರು. ಗುಬ್ಬಿ ಸದ್ದಿಲ್ಲ. "ಏನೂ ಇಲ್ವಲ್ಲ ಸಾರ್" ಎಂದು ಅವರು ಎದ್ದರು. ಏಕಾಂತಯ್ಯನವರು ಅವರನ್ನು ಬೀಳ್ಕೊಡಲು ಗೇಟಿನವರೆಗೆ ಹೋದರು. ಎಲ್ಲಿ ಮಗ ಹಾಗೆಯೇ ಅಂಗಡಿ ಕಡೆ ಹೋಗಿಬಿಡುತ್ತಾನೋ ಎಂದು ಶಿವವ್ವನಿಗೆ ಅನ್ನಿಸಿರಬೇಕು. ಚಿಲಿಪಿಲಿ ಎಂದಿತು. ಇಬ್ಬರೂ ಓಡಿ ಬಂದರು, ಕಾದರು, ಏನೂ ಇಲ್ಲ. ಮತ್ತೆ ಗೇಟಿಗೆ ಹೋದರು, ಮತ್ತೆ ಚಿಲಿಪಿಲಿ.

"ಸಾರ್, ಇದು ಸರ್ವಿಸ್ಸಲ್ಲಿ ನಾನು ನೋಡಿರೋ ಫಾಲ್ಟ್ ಅಲ್ಲ" ಎಂದು ಗುರುಬಸಪ್ಪನವರು ಬೆವರೊರೆಸಿಕೊಂಡರು. "ಮನುಷ್ಯರು ಇದ್ದಾಗ ಸುಮ್ನಿರುತ್ತೆ, ಹೋದಾಗ ಹೊಡ್ಕೊಳುತ್ತೆ. ಅರ್ಥಿಂಗ್ ಗುಂಡಿಗೆ ಉಪ್ಪು ಇದ್ದಿಲು ಹಾಕಿ ನೀರು ಬಿಡಿ. ಆಮೇಲೆ ದೇವರಿದಾನೆ."

ಉಪ್ಪು ಇದ್ದಿಲು ಎಲ್ಲ ಗುಂಡಿ ಸೇರಿತು. ಜಯದೇವಿಗೆ ಒಂದೊಂದು ದಿನ ನಗು ತಡೆಯಲಾಗುತ್ತಿರಲಿಲ್ಲ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಗುತ್ತಿದ್ದಳು. ಆದರೆ ಗಂಡ ಕುರ್ಚಿ ಇಳಿದು ಹೊರಟಾಗ ಅತ್ತೆಯ ಕಣ್ಣು ಅವರ ಬೆನ್ನ ಹಿಂದೆಯೇ ಬಾಗಿಲವರೆಗೆ ಹೋಗುತ್ತಿತ್ತಲ್ಲ, ಅದನ್ನು ಕಂಡಾಗ ನಗು ಬರುತ್ತಿರಲಿಲ್ಲ. ಆ ಮನುಷ್ಯ ಒಂದು ಸಲ, ಒಂದೇ ಒಂದು ಸಲ ಕೆಳಗೆ ನೋಡಿ "ಏನವ್ವಾ?" ಎಂದಿದ್ದರೆ ಸಾಕಿತ್ತು. ಅವರು ಎಷ್ಟು ನಿಷ್ಠೆಯಿಂದ ಚಾವಣಿ ನೋಡುತ್ತಿದ್ದರೆಂದರೆ ಅವಳಿಗೆ ಸಿಟ್ಟು ಮಾಡಲೂ ಮನಸ್ಸು ಬರುತ್ತಿರಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಏಕಾಂತಯ್ಯನವರು ತುತ್ತು ಕೆಳಗಿಟ್ಟರು. "ಬೀದಿ ಪೂರ್ತಿ ನಗ್ತಿದೆ ಜಯಾ. ಆ ಸೇತುರಾಮ ನನ್ನ ಕಂಡ್ರೆ ಗುಬ್ಬಿ ಥರ ಶಿಳ್ಳೆ ಹಾಕ್ತಾನೆ. ಅವ್ವಂಗೆ ಅಂತ ಮಾಡಿದ್ದು ಒಂದೇ ಕೆಲಸ, ಅದೂ ನೆಟ್ಟಗಾಗ್ಲಿಲ್ಲ." ಉಣ್ಣದೆಯೇ ಎದ್ದುಬಿಟ್ಟರು. ಶಿವವ್ವನ ಕೋಣೆಯ ಬಾಗಿಲು ತೆರೆದೇ ಇತ್ತು.

ಮರುದಿನ ಬೆಳಿಗ್ಗೆ ಶಿವವ್ವ ಮಗನನ್ನು ಸೊಸೆಯ ಕೈಲಿ ಹೇಳಿಕಳಿಸಿ ಕರೆಸಿಕೊಂಡರು. "ಪೂಜಿ ಗ್ವಾಡಿ ಒಡಸೋ ತಮ್ಮಾ. ಅದರಾಗ ನಿನ್ನ ವೈರು ಎಳಸು."

"ಅವ್ವಾ, ನಿನಗ ಅಲ್ಲಿ ಪೂಜಾ..."

"ಶಿವಾ ಎಲ್ಲಿ ಬೇಕಾದ್ರೂ ಕುಂದರ್ತಾನ. ನೀ ಉಣ್ಣದ ಏಳಬ್ಯಾಡ."

ಜಯದೇವಿ ಗಂಡನ ಬೆನ್ನ ಹಿಂದೆ ನಿಂತು ಅತ್ತೆಯ ಮುಖ ನೋಡಿದಳು. ಈಗಲಾದರೂ ಹೇಳಿಬಿಡಲೇ ಎಂದು ಕಣ್ಣಲ್ಲೇ ಕೇಳಿದಳು. ಅತ್ತೆ ಮೆಲ್ಲಗೆ ತಲೆಯಾಡಿಸಿ ಬೇಡವೆಂದರು.

ಯಲ್ಲಯ್ಯ ಗೋಡೆ ಕೊರೆದು ಬೇರೆ ಪೈಪು ಹಾಕಿದ. ಕೆಲಸ ಮುಗಿದ ಭಾನುವಾರ ಏಕಾಂತಯ್ಯನವರು ಬೀದಿಗೆಲ್ಲ ಪಾಯಸ ಮಾಡಿಸಿದರು. ಸೇತುರಾಮರನ್ನು ಕೈ ಹಿಡಿದು ಕರೆತಂದರು. ಪರೀಕ್ಷೆ ಬಹಿರಂಗವಾಗಿಯೇ ನಡೆಯಬೇಕೆಂದು ಅವರ ಹಟ. ಕಿಟಕಿಯಲ್ಲಿ ನಿಂತು ಕರ್ಚೀಫು ಬೀಸಿದ ಕೂಡಲೇ ಬೀದಿಯ ಮೋಟಾರುಗಳೆಲ್ಲ ಒಟ್ಟಿಗೆ ಗುರ್ರೆಂದವು. ಗ್ರೈಂಡರುಗಳು ಬರಿಗಲ್ಲು ತಿರುವಿದವು, ಮಿಕ್ಸಿಗಳು ಕಿರುಚಿದವು. ಮೂಲೆಮನೆಯವರು ಅತ್ಯುತ್ಸಾಹದಿಂದ ಸ್ಕೂಟರನ್ನೂ ಸ್ಟಾರ್ಟ್ ಮಾಡಿದರು. ಕೋಣೆ ತುಂಬ ನಿಂತ ಜನ ಉಸಿರು ಬಿಗಿಹಿಡಿದು ಬಾಗಿಲಾಚೆ ನಡುಮನೆಯ ಗುಬ್ಬಿಯ ಡಬ್ಬಿಯನ್ನೇ ನೋಡುತ್ತಿದ್ದರು. ಶಿವವ್ವನನ್ನು ನೋಡುತ್ತಿದ್ದವಳು ಜಯದೇವಿ ಒಬ್ಬಳೇ. ಅತ್ತೆ ಎರಡೂ ಕೈಯನ್ನು ಎದೆಯ ಮೇಲೆ ಬಿಗಿಯಾಗಿ ಹೆಣೆದುಕೊಂಡು ಕಣ್ಣು ಮುಚ್ಚಿದ್ದರು.

ಗುಬ್ಬಿ ಕೂಗಲಿಲ್ಲ. ಜನ ಚಪ್ಪಾಳೆ ತಟ್ಟಿದರು.

"ಸೋತೆ ಸಾರ್!" ಎಂದು ಸೇತುರಾಮರು ಅಪ್ಪಿಕೊಂಡರು. ಏಕಾಂತಯ್ಯನವರು ಮಂಚದ ಕಡೆ ಬಾಗಿ, "ನೋಡಿದಿ ಏನವ್ವಾ? ಇನ್ನ ಸುಮ್ಸುಮ್ನ ಹೊಡ್ಕೊಳ್ಳೂದಿಲ್ಲ" ಎಂದರು. "ಚಲೋ ಆತಪಾ" ಎಂದರು ಶಿವವ್ವ.

ಜನವೆಲ್ಲ ಹೋದ ಮೇಲೆ ಜಯದೇವಿ ಸ್ವಿಚ್ಚನ್ನು ಅತ್ತೆಯ ಅಂಗೈಯಲ್ಲಿಟ್ಟಳು. "ಒತ್ತಿ ಅತ್ತೆ, ಬರ್ತಾರೆ."

"ಹೆಂಗ ಒತ್ಲೆವ್ವ? ಇಷ್ಟು ಮಂದಿ ಮುಂದ ಸರಿ ಮಾಡಿ ತೋರ್ಸ್ಯಾನ. ನಾ ಒತ್ತಿದ್ರ ಮತ್ತ ಕೆಟ್ಟತು ಅಂತ ಅವಗ ನಕ್ಕಾರು." ಸ್ವಿಚ್ಚನ್ನು ಹಿಂದಕ್ಕೆ ಕೊಟ್ಟುಬಿಟ್ಟರು.

ಅಂದಿನಿಂದ ಮನೆಯಲ್ಲಿ ಗುಬ್ಬಿ ಕೂಗಲಿಲ್ಲ. ಏಕಾಂತಯ್ಯನವರು ಸಂಜೆ ಬಂದು ಕಾಲು ತೊಳೆದು ನೇರ ಮಹಡಿ ಹತ್ತಿ ಪರದೆಯ ಕೆಲಸಕ್ಕೆ ಕೂರುತ್ತಿದ್ದರು. ಸ್ವಲ್ಪ ಹೋಗಿ ಅವ್ವನ ಹತ್ತಿರ ಕೂತ್ಕೊಳ್ರೀ ಎಂದು ಜಯದೇವಿ ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಅವರ ಹತ್ತಿರ ಅದಕ್ಕೆ ಲಾಜಿಕ್ಕಿತ್ತು. "ಬೇಕಾದ್ರೆ ಒತ್ತಾಳೆ ಕಣೇ. ಈಗ ಬೆಲ್ಲು ನೂರಕ್ಕೆ ನೂರು ಕರೆಕ್ಟು. ಒತ್ತಿಲ್ಲ ಅಂದ್ರೆ ಅವ್ವ ಆರಾಮಾಗಿದಾಳೆ ಅಂತ ಅರ್ಥ." ಜಯದೇವಿಯೇ ಕೆಲಸ ಮುಗಿಸಿ ಅತ್ತೆಯ ಪಕ್ಕ ಕೂರತೊಡಗಿದಳು. ಮಹಡಿಯಲ್ಲಿ ಸುತ್ತಿಗೆಯ ಸದ್ದಾದರೆ ಅತ್ತೆ ತಲೆಯೆತ್ತಿ ಚಾವಣಿ ನೋಡುತ್ತಿದ್ದರು.

ಶ್ರಾವಣದಲ್ಲಿ ಶಿವವ್ವ ತೀರಿಕೊಂಡರು. ಬೆಳಿಗ್ಗೆ ಗಂಜಿ ತಂದ ಜಯದೇವಿ ಕರೆದಾಗ ಏಳಲಿಲ್ಲ, ಅಷ್ಟೇ. ಏಕಾಂತಯ್ಯನವರು ಮಹಡಿಯಲ್ಲಿದ್ದರು. ಅವಳು ಬೆಲ್ಲು ಒತ್ತಲಿಲ್ಲ, ಮೆಟ್ಟಿಲು ಹತ್ತಿ ಹೋಗಿ ಹೇಳಿದಳು.

ಮಣ್ಣು ಮಾಡಿ ಬಂದದ್ದಾಯಿತು, ಶಿವಗಣಾರಾಧನೆಯೂ ಆಯಿತು. ಬಂದ ನೆಂಟರಿಗೆಲ್ಲ ಏಕಾಂತಯ್ಯನವರು ದಿಂಬಿನ ಪಕ್ಕದ ಸ್ವಿಚ್ಚು ತೋರಿಸಿ ಅತ್ತರು. "ಇಷ್ಟೆಲ್ಲ ಮಾಡಿಸಿದ್ದೆ. ಕೊನೇ ಗಳಿಗೇಲಿ ಒಂದ್ ಸಲ ಒತ್ತಬಾರದಿತ್ತಾ? ಒಂದ್ ಸಲಾನೂ ಒತ್ತಲಿಲ್ಲ ನೋಡಿ ನಮ್ಮವ್ವ. ನಾನು ಬೇಡವಾಗಿಬಿಟ್ಟೆ." ಬಸಪ್ಪ ಮಾವನ ಮುಂದೆ ಅತ್ತರು, ಗುರುಬಸಪ್ಪನವರ ಮುಂದೆ ಅತ್ತರು, ಸೇತುರಾಮರ ಹೆಗಲ ಮೇಲೆ ಅತ್ತರು. ನೆಂಟರೆಲ್ಲ ಹೊರಟ ಮೇಲೆ ಜಯದೇವಿಯ ಮುಂದೆಯೂ ಅದನ್ನೇ ಹೇಳಿ ಅತ್ತರು. ಅವಳಿಗೆ ಇನ್ನು ತಡೆಯಲಾಗಲಿಲ್ಲ. ಆಣೆ ಇಟ್ಟವರೇ ಹೋಗಿದ್ದರು.

"ಒತ್ತಿದ್ರು ರೀ. ದಿನಾ ಒತ್ತುತಿದ್ರು."

ಏಕಾಂತಯ್ಯನವರಿಗೆ ಅರ್ಥವಾಗಲಿಲ್ಲ. "ಅದು ಇಂಡಕ್ಷನ್..."

"ಇಂಡಕ್ಷನ್ನೂ ಇಲ್ಲ, ಏನೂ ಇಲ್ಲ. ಅತ್ತೇನೇ ಒತ್ತುತಿದ್ದಿದ್ದು."

"ಇಂಜಿನಿಯರ್ ಬಂದಾಗ?"

"ಆಗ್ಲೂ ಅವರೇ."

"ಸೇತುರಾಮ್ ಊರಿಗೆ ಹೋಗಿದ್ದಾಗ?"

"ಆಗ್ಲೂ."

"ಯಾಕೆ? ಏನ್ ಬೇಕಿತ್ತು ಅವ್ವಂಗೆ?"

"ಏನೂ ಬೇಕಿರಲಿಲ್ಲ. ನಿಮ್ಮ ಮುಖ ನೋಡೋಕೆ. ಸುಮ್ನೆ ಕರೀತಿದ್ರು."

"ಸರಿಹೋದ ಮೇಲೆ?"

"ಒತ್ತಿದ್ರೆ 'ಮತ್ತೆ ಕೆಟ್ಟೋಯ್ತು' ಅಂತ ಜನ ನಿಮ್ಮನ್ನ ನೋಡಿ ನಗ್ತಾರೆ ಅಂದ್ರು. ಅದಕ್ಕೇ ಬಿಟ್ಟುಬಿಟ್ರು."

ಯಾವುದಕ್ಕೂ ಒಂದು ವಿವರಣೆ ಇಟ್ಟುಕೊಂಡಿದ್ದ ಏಕಾಂತಯ್ಯನವರು ಗೋಡೆ ಹಿಡಿದು ನೆಲಕ್ಕೆ ಕುಸಿದರು. ಆಮೇಲೆ "ಅವ್ವಾ" ಎಂದು ಅತ್ತರು. ಅದು ನೆಂಟರ ಮುಂದೆ ಅತ್ತ ಅಳುವಾಗಿರಲಿಲ್ಲ. ಬೀದಿಗೆಲ್ಲ ಕೇಳಿತು. ಜಯದೇವಿ ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟಳು, ಹೇಳಬಾರದಿತ್ತೇನೋ ಎಂದು ಅವಳಿಗೂ ಅಳು ಬಂತು.

ಸೇತುರಾಮರು ಉಣ್ಣುತ್ತಿದ್ದ ಕೈಯಲ್ಲೇ ಓಡಿ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಏನಾಯ್ತು ಸಾರ್? ಯಾಕ್ ಸಾರ್, ಯಾಕೆ?"

ಏಕಾಂತಯ್ಯನವರು ಅವರ ಮುಖ ನೋಡಿದರು.

"ಸುಮ್ನೆ" ಎಂದರು. "ಸುಮ್ನೆ, ಸಾರ್."